ಸ್ತನ ಕ್ಯಾನ್ಸರ್: ಗಡ್ಡೆಯ ಪ್ರೋಟೀನುಗಳು ತಿಳಿಸುವ ಸಂಗತಿ

ಸ್ತನದಲ್ಲಿ ಕಾಣಿಸಿಕೊಂಡ ಗಡ್ಡೆಯಿಂದ ಸೂಜಿಯ ಮೂಲಕ ಸಣ್ಣ ಚೂರೊಂದನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದ ಕೆಲವು ದಿನಗಳ ನಂತರ ರೋಗಿಯ ಕೈಗೆ ಒಂದು ವರದಿ ಬರುತ್ತದೆ. ಕ್ಯಾನ್ಸರ್ ಇರುವುದು ದೃಢಪಟ್ಟಿದ್ದರೆ ಆ ವರದಿಯಲ್ಲಿ, ಅಥವಾ ಅದರ ಹಿಂದೆಯೇ ಬರುವ ಇನ್ನೊಂದು ವರದಿಯಲ್ಲಿ, ನಾಲ್ಕು ಸಾಲುಗಳಿರುತ್ತವೆ: ಇ.ಆರ್., ಪಿ.ಆರ್., ಹರ್-2 ಮತ್ತು ಕೆ.ಐ.-67. ಇವುಗಳ ಮುಂದೆ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ಮಾತೋ, ಶೇಕಡಾವಾರು ಅಂಕಿಯೋ ನಮೂದಾಗಿರುತ್ತದೆ.

ಕ್ಷಯ, ಮಲೇರಿಯಾ ಮೊದಲಾದ ರೋಗಗಳ ಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದರೆ ರೋಗವಿದೆ ಎಂದೂ ‘ನೆಗೆಟಿವ್’ ಎಂದರೆ ರೋಗವಿಲ್ಲ ಎಂದೂ ಅರ್ಥ. ಈ ರೂಢಿಯ ತಿಳಿವಳಿಕೆಯಿಂದಲೇ ಸ್ತನ ಕ್ಯಾನ್ಸರಿನ ವರದಿಯನ್ನೂ ಓದಿದ ಕುಟುಂಬದವರು ‘ಪಾಸಿಟಿವ್’ ಎಂಬ ಪದವನ್ನು ಕಂಡು ಎದೆಗುಂದುತ್ತಾರೆ. ‘ಮೂರೂ ನೆಗೆಟಿವ್’ ಎಂದು ಕಂಡರೆ ಅಪಾಯ ಕಳೆಯಿತೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಎರಡು ಗ್ರಹಿಕೆಗಳೂ ತಪ್ಪು. ಗಡ್ಡೆಯಲ್ಲಿ ಯಾವ ಪ್ರೋಟೀನು ಇದೆ, ಯಾವುದು ಇಲ್ಲ ಎಂಬುದನ್ನು ಮಾತ್ರ ಈ ಸಾಲುಗಳು ತಿಳಿಸುತ್ತವೆ. ಯಾವ ಔಷಧಿ ಆ ರೋಗಿಗೆ ನೆರವಾದೀತು, ರೋಗ ಮರುಕಳಿಸುವ ಸಂಭವ ಎಷ್ಟು ಎಂಬ ಪ್ರಶ್ನೆಗಳಿಗೆ ವೈದ್ಯರು ಉತ್ತರ ಹುಡುಕುವುದು ಬಹುಮಟ್ಟಿಗೆ ಇವುಗಳ ಆಧಾರದಿಂದಲೇ. ಆದುದರಿಂದ ಇವುಗಳ ಅರ್ಥವನ್ನು ರೋಗಿಯೂ ಆಕೆಯ ಮನೆಯವರೂ ತಿಳಿದಿರುವುದು ಅವಶ್ಯಕ.

ಭಾರತದ ಮಹಿಳೆಯರಲ್ಲಿ ಇಂದು ಅತ್ಯಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ ಆಗಿದೆ. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1,92,000 ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು 98,000 ಮಂದಿ ಇದರಿಂದ ಮರಣ ಹೊಂದಿದರು. ಪುರುಷರಲ್ಲಿಯೂ ಈ ರೋಗ ವಿರಳವಾಗಿ ಕಾಣಿಸಿಕೊಳ್ಳುವುದುಂಟು.

ಒಂದೇ ಹೆಸರು, ಹಲವು ಬಗೆ

ಒಂದೇ ವಯಸ್ಸಿನ, ಒಂದೇ ಗಾತ್ರದ ಗಡ್ಡೆಯುಳ್ಳ ಇಬ್ಬರು ಮಹಿಳೆಯರಿಗೆ ಒಂದೇ ಬಗೆಯ ಶಸ್ತ್ರಚಿಕಿತ್ಸೆಯಾದರೂ ಒಬ್ಬರು ಇಪ್ಪತ್ತು ವರ್ಷ ಆರೋಗ್ಯದಿಂದ ಬಾಳುವುದನ್ನೂ ಇನ್ನೊಬ್ಬರಲ್ಲಿ ಎರಡೇ ವರ್ಷಗಳಲ್ಲಿ ರೋಗ ಮರಳುವುದನ್ನೂ ವೈದ್ಯರು ಬಹುಕಾಲದಿಂದ ಕಂಡಿದ್ದರು. ಗಡ್ಡೆಯ ಗಾತ್ರ, ಕಂಕುಳಿನ ದುಗ್ಧಗ್ರಂಥಿಗಳಿಗೆ ರೋಗ ಹರಡಿದೆಯೇ ಎಂಬ ಅಂಶ ಹಾಗೂ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಎಷ್ಟು ವಿಕಾರಗೊಂಡಂತೆ ಕಾಣುತ್ತವೆ ಎಂಬ ದರ್ಜೆ, ಈ ಮೂರು ಬಹಳ ಹಿಂದಿನಿಂದ ತಿಳಿದಿದ್ದ ಸೂಚಕಗಳು. ಇಂದಿಗೂ ಅವುಗಳ ಮಹತ್ವ ಕಡಿಮೆಯಾಗಿಲ್ಲ. ಆದರೆ ಇಬ್ಬರ ನಡುವಿನ ವ್ಯತ್ಯಾಸವನ್ನು ಪೂರ್ಣವಾಗಿ ವಿವರಿಸಲು ಅವು ಸಾಲುತ್ತಿರಲಿಲ್ಲ.

ಆ ವ್ಯತ್ಯಾಸದ ಮೂಲ ಜೀವಕೋಶದ ಒಳಗಿತ್ತು. ದೇಹದ ಪ್ರತಿಯೊಂದು ಜೀವಕೋಶವೂ ತನ್ನ ಕೆಲಸಕ್ಕೆ ಬೇಕಾದ ಸಾವಿರಾರು ಬಗೆಯ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ. ಇವುಗಳಲ್ಲಿ ಕೆಲವು ಹೊರಗಿನಿಂದ ಬರುವ ಸಂದೇಶಗಳನ್ನು ಸ್ವೀಕರಿಸುವ ಕೆಲಸ ಮಾಡುತ್ತವೆ. ಅವುಗಳಿಗೆ ಗ್ರಾಹಿ ಪ್ರೋಟೀನುಗಳೆಂದು ಹೆಸರು. ಗ್ರಾಹಿಯನ್ನು ಬೀಗಕ್ಕೂ ಸಂದೇಶ ತರುವ ಹಾರ್ಮೋನನ್ನು ಕೀಲಿಕೈಗೂ ಹೋಲಿಸಬಹುದು. ಸರಿಯಾದ ಕೀಲಿಕೈ ಬಂದು ಕೂಡಿಕೊಂಡಾಗ ‘ಬೆಳೆ, ವಿಭಜನೆಗೊಳ್ಳು’ ಎಂಬ ಆಜ್ಞೆ ಜೀವಕೋಶದೊಳಗೆ ಜಾರಿಗೆ ಬರುತ್ತದೆ. ಆರೋಗ್ಯವಂತ ಸ್ತನದಲ್ಲಿ ಈ ವ್ಯವಸ್ಥೆ ಹತೋಟಿಯಲ್ಲಿರುತ್ತದೆ. ಕ್ಯಾನ್ಸರ್ ಜೀವಕೋಶಗಳು ಇದೇ ವ್ಯವಸ್ಥೆಯನ್ನು ತಮ್ಮ ಮಿತಿಯಿಲ್ಲದ ಬೆಳವಣಿಗೆಗೆ ಬಳಸಿಕೊಳ್ಳುತ್ತವೆ.

ಹಾರ್ಮೋನಿನ ಗ್ರಾಹಿಗಳು

ಸ್ತನ ಕ್ಯಾನ್ಸರಿಗೂ ಅಂಡಾಶಯಕ್ಕೂ ಸಂಬಂಧವಿದೆಯೆಂಬುದನ್ನು ಮೊದಲು ತೋರಿಸಿಕೊಟ್ಟವರು ಸ್ಕಾಟ್‌ಲೆಂಡಿನ ಗ್ಲಾಸ್ಗೊ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್. ಮುಂದುವರಿದ ಸ್ತನ ಕ್ಯಾನ್ಸರಿನಿಂದ ನರಳುತ್ತಿದ್ದ ಮಹಿಳೆಯರ ಅಂಡಾಶಯಗಳನ್ನು ತೆಗೆದಾಗ ಗಡ್ಡೆ ಕುಗ್ಗಿದ ಸಂಗತಿಯನ್ನು ಅವರು 1896ರಲ್ಲಿ ಪ್ರಕಟಿಸಿದರು. ಹಾರ್ಮೋನು ಎಂಬ ಪದವೇ ಆಗ ಬಳಕೆಗೆ ಬಂದಿರಲಿಲ್ಲ. ಮುಂದೆ ಇತರರೂ ಈ ವಿಧಾನವನ್ನು ಅನುಸರಿಸಿದಾಗ ಸುಮಾರು ಮೂರರಲ್ಲಿ ಒಬ್ಬ ರೋಗಿಗೆ ಮಾತ್ರ ಪ್ರಯೋಜನವಾಗುತ್ತಿರುವುದು ಕಂಡುಬಂತು. ಆ ಒಬ್ಬರು ಯಾರು ಎಂಬುದನ್ನು ಮುಂಚಿತವಾಗಿ ತಿಳಿಯುವ ಮಾರ್ಗವಿರಲಿಲ್ಲ.

ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲಾನಂತರ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಎಲ್ವುಡ್ ಜೆನ್ಸನ್ ಅವರು ವಿಕಿರಣಶೀಲ ಗುರುತು ಹಚ್ಚಿದ ಈಸ್ಟ್ರೊಜೆನ್ ಹಾರ್ಮೋನು ದೇಹದೊಳಗೆ ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತಾ, ಅದನ್ನು ಹಿಡಿದಿಟ್ಟುಕೊಳ್ಳುವ ಗ್ರಾಹಿ ಪ್ರೋಟೀನನ್ನು ಪತ್ತೆಹಚ್ಚಿದರು. ಕೆಲವು ಗಡ್ಡೆಗಳಲ್ಲಿ ಈ ಗ್ರಾಹಿ ಹೇರಳವಾಗಿದ್ದು, ಕೆಲವುಗಳಲ್ಲಿ ಇರುವುದೇ ಇಲ್ಲ ಎಂಬುದು ಗೊತ್ತಾದಾಗ ಬೀಟ್ಸನ್ ಕಾಲದ ಒಗಟು ಬಿಡಿಸಿತು. ಗ್ರಾಹಿಯುಳ್ಳ ಗಡ್ಡೆಗೆ ಹಾರ್ಮೋನು ಸಿಗದಂತೆ ಮಾಡಿದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಗ್ರಾಹಿಯಿಲ್ಲದ ಗಡ್ಡೆಗೆ ಈ ಚಿಕಿತ್ಸೆಯಿಂದ ಪ್ರಯೋಜನವಿಲ್ಲ.

ವರದಿಯ ಇ.ಆರ್. ಎಂಬ ಸಾಲು ಈಸ್ಟ್ರೊಜೆನ್ ಗ್ರಾಹಿಯನ್ನು ಸೂಚಿಸುತ್ತದೆ. ಪಿ.ಆರ್. ಎಂಬುದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಗ್ರಾಹಿ. ಪರೀಕ್ಷಿಸಿದ ಕ್ಯಾನ್ಸರ್ ಜೀವಕೋಶಗಳಲ್ಲಿ ನೂರಕ್ಕೆ ಒಂದರಲ್ಲಿಯಾದರೂ ಗ್ರಾಹಿ ಕಂಡುಬಂದರೆ ಗಡ್ಡೆಯನ್ನು ‘ಪಾಸಿಟಿವ್’ ಎಂದು ಪರಿಗಣಿಸಲಾಗುತ್ತದೆ. ಶೇಕಡಾ 1ರಿಂದ 10ರವರೆಗಿನ ಫಲಿತಾಂಶವನ್ನು ‘ಅಲ್ಪ ಪಾಸಿಟಿವ್’ ಎಂದು ಪ್ರತ್ಯೇಕವಾಗಿ ನಮೂದಿಸುವ ಪದ್ಧತಿ 2020ರಿಂದ ಬಂದಿದೆ. ಅಂಕಿ ಹೆಚ್ಚಿದ್ದಷ್ಟೂ ಹಾರ್ಮೋನು ನಿರೋಧಕ ಔಷಧಿಯಿಂದ ಫಲ ದೊರೆಯುವ ಸಂಭವವೂ ಹೆಚ್ಚು. ಅಂದರೆ ಇಲ್ಲಿ ‘ಪಾಸಿಟಿವ್’ ಎಂಬುದು ಭರವಸೆಯ ಮಾತೇ ಆಗಿದೆ.

ಈಸ್ಟ್ರೊಜೆನ್ ಗ್ರಾಹಿಯನ್ನು ಆಕ್ರಮಿಸಿಕೊಂಡು ನಿಜವಾದ ಹಾರ್ಮೋನಿಗೆ ಸ್ಥಳವಿಲ್ಲದಂತೆ ಮಾಡುವ ಟಮೋಕ್ಸಿಫೆನ್ ಮಾತ್ರೆ 1977ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಈ ಔಷಧಿಯನ್ನು ಕುರಿತ ಹಲವು ಪರೀಕ್ಷೆಗಳ ಫಲಿತಾಂಶವನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯ ಪ್ರಕಾರ, ಆರಂಭಿಕ ಹಂತದ ಇ.ಆರ್. ಪಾಸಿಟಿವ್ ಕ್ಯಾನ್ಸರಿನಲ್ಲಿ ಐದು ವರ್ಷ ಟಮೋಕ್ಸಿಫೆನ್ ಸೇವಿಸಿದವರಲ್ಲಿ ಮೊದಲ ಹದಿನೈದು ವರ್ಷಗಳ ಅವಧಿಯಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಮರಣ ಸುಮಾರು ಮೂರನೇ ಒಂದರಷ್ಟು ತಗ್ಗಿತು. ಮುಟ್ಟು ನಿಂತ ಮಹಿಳೆಯರಿಗೆ, ದೇಹದಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನೇ ತಡೆಯುವ ಬೇರೆ ಮಾತ್ರೆಗಳೂ ಇವೆ.

ಹೆಚ್ಚು ಬೆಲೆಯಿಲ್ಲದ ಒಂದು ಮಾತ್ರೆಯಿಂದ ದೊರೆಯುವ ಈ ಲಾಭ ಅದನ್ನು ನಿಯಮಿತವಾಗಿ, ವೈದ್ಯರು ಹೇಳಿದಷ್ಟು ಕಾಲ ಸೇವಿಸಿದವರಿಗೆ ಮಾತ್ರ ಲಭ್ಯ. ಸಾಮಾನ್ಯವಾಗಿ ಐದು ವರ್ಷ, ಕೆಲವರಿಗೆ ಹತ್ತು ವರ್ಷದವರೆಗೂ ಇದು ಅಗತ್ಯವಾಗುತ್ತದೆ. ಗಾಯ ಮಾಯ್ದು ಮೈ ಹಗುರವಾದ ಮೇಲೆ ‘ಇನ್ನೇಕೆ ಮಾತ್ರೆ’ ಎಂದು ನಿಲ್ಲಿಸಿಬಿಡುವವರು ಅನೇಕರು. ಹಾರ್ಮೋನನ್ನು ಅವಲಂಬಿಸಿದ ಕ್ಯಾನ್ಸರಿನಲ್ಲಿ ರೋಗ ಮರುಕಳಿಸುವ ಸಂಭವ ಐದು ವರ್ಷಗಳಿಗೇ ಮುಗಿಯದೆ ಇಪ್ಪತ್ತು ವರ್ಷದವರೆಗೂ ಅಲ್ಪ ಪ್ರಮಾಣದಲ್ಲಿ ಮುಂದುವರಿಯುತ್ತದೆ. ಮೈಬಿಸಿಯೇರುವಿಕೆ, ಕೀಲುನೋವು ಮೊದಲಾದ ತೊಂದರೆಗಳಿದ್ದರೆ ವೈದ್ಯರಿಗೆ ತಿಳಿಸಿ ಪರಿಹಾರ ಪಡೆಯಬೇಕು; ತಾವಾಗಿಯೇ ಔಷಧಿ ನಿಲ್ಲಿಸಬಾರದು.

ಹರ್-2: ಅಪಾಯದ ಗುರುತು ಗುರಿಯಾದ ಬಗೆ

ಹರ್-2 ಎಂಬುದು ಜೀವಕೋಶದ ಹೊರಪೊರೆಯ ಮೇಲಿರುವ ಗ್ರಾಹಿ ಪ್ರೋಟೀನು. ಸುಮಾರು ಶೇಕಡಾ 15ರಿಂದ 20ರಷ್ಟು ಸ್ತನ ಕ್ಯಾನ್ಸರುಗಳಲ್ಲಿ ಇದರ ವಂಶವಾಹಿಯ ಪ್ರತಿಗಳು ಹೆಚ್ಚಾಗಿ, ಪ್ರೋಟೀನು ಮಿತಿಮೀರಿ ಉತ್ಪತ್ತಿಯಾಗುತ್ತದೆ. ಪರಿಣಾಮವಾಗಿ ಬೆಳವಣಿಗೆಯ ಆಜ್ಞೆ ಬಿಡುವಿಲ್ಲದೆ ಜಾರಿಯಲ್ಲಿರುತ್ತದೆ. ಇಂತಹ ಗಡ್ಡೆಯುಳ್ಳ ಮಹಿಳೆಯರಲ್ಲಿ ರೋಗ ಬೇಗ ಮರಳುತ್ತದೆ, ಬದುಕುಳಿಯುವ ಅವಧಿ ಕಡಿಮೆ ಎಂಬುದನ್ನು ಅಮೆರಿಕದ ಡೆನಿಸ್ ಸ್ಲೇಮನ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ವರದಿ ಮಾಡಿದರು. ಅಂದಿನ ದಿನಗಳಲ್ಲಿ ‘ಹರ್-2 ಪಾಸಿಟಿವ್’ ಎಂಬುದು ನಿಜಕ್ಕೂ ಕೆಟ್ಟ ಸುದ್ದಿಯಾಗಿತ್ತು.

ಆದರೆ ಜೀವಕೋಶದ ಹೊರಮೈ ಮೇಲೆ ಇಷ್ಟೊಂದು ಸಂಖ್ಯೆಯಲ್ಲಿ ಎದ್ದು ನಿಂತಿರುವ ಪ್ರೋಟೀನು ಔಷಧಿಗೆ ಸ್ಪಷ್ಟವಾದ ಗುರಿಯೂ ಆಗಬಲ್ಲದು. ಹರ್-2 ಪ್ರೋಟೀನಿಗೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ವಿಜ್ಞಾನಿಗಳು ರೂಪಿಸಿದರು. ಟ್ರಾಸ್ಟುಜುಮಾಬ್ ಎಂಬ ಈ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆರಂಭಿಕ ಹಂತದ ಹರ್-2 ಪಾಸಿಟಿವ್ ರೋಗಿಗಳಲ್ಲಿ ಕೀಮೋಥೆರಪಿಯ ಜೊತೆಗೆ ಇದನ್ನೂ ಕೊಟ್ಟರೆ ರೋಗ ಮರುಕಳಿಸುವುದೂ ಸ್ತನ ಕ್ಯಾನ್ಸರಿನಿಂದ ಮರಣ ಸಂಭವಿಸುವುದೂ ಸುಮಾರು ಮೂರನೇ ಒಂದರಷ್ಟು ತಗ್ಗುತ್ತವೆಂದು, 13,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಏಳು ಪರೀಕ್ಷೆಗಳ 2021ರ ವಿಶ್ಲೇಷಣೆ ತೋರಿಸಿದೆ. ಒಂದು ಕಾಲದಲ್ಲಿ ಅಪಾಯದ ಗುರುತಾಗಿದ್ದ ಪ್ರೋಟೀನೇ ಇಂದು ಚಿಕಿತ್ಸೆಯ ದಾರಿಯನ್ನು ತೋರಿಸುತ್ತಿದೆ.

ಈ ಔಷಧಿಯ ಬೆಲೆ ದೀರ್ಘಕಾಲ ಸಾಮಾನ್ಯ ಕುಟುಂಬಗಳ ಕೈಗೆ ಎಟುಕುವಂತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಮೂಲ ಔಷಧಿಗೆ ಸಮಾನವಾದ ಟ್ರಾಸ್ಟುಜುಮಾಬ್ ಅನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಅನಂತರ ಇತರ ತಯಾರಕರೂ ಈ ಕ್ಷೇತ್ರವನ್ನು ಪ್ರವೇಶಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಈ ಔಷಧಿಯನ್ನು ತನ್ನ ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಚಿಕಿತ್ಸೆ ಸಾಮಾನ್ಯವಾಗಿ ಒಂದು ವರ್ಷದ್ದು. ಕೆಲವರಲ್ಲಿ ಹೃದಯದ ಬಲ ಕುಂದಬಹುದಾದ ಕಾರಣ ಆ ಅವಧಿಯಲ್ಲಿ ಹೃದಯದ ಪರೀಕ್ಷೆಯನ್ನು ಆಗಾಗ್ಗೆ ಮಾಡಿಸಬೇಕಾಗುತ್ತದೆ.

ಹರ್-2 ಪರೀಕ್ಷೆಯ ಫಲಿತಾಂಶವನ್ನು 0, 1+, 2+, 3+ ಎಂದು ನಮೂದಿಸಲಾಗುತ್ತದೆ. 3+ ಎಂದರೆ ಪಾಸಿಟಿವ್. 0 ಮತ್ತು 1+ ನೆಗೆಟಿವ್. 2+ ಎಂಬುದು ಅನಿಶ್ಚಿತ ಫಲಿತಾಂಶ. ಇಂತಹ ಸಂದರ್ಭದಲ್ಲಿ ವಂಶವಾಹಿಯ ಪ್ರತಿಗಳನ್ನೇ ಎಣಿಸುವ, ‘ಫಿಶ್’ ಎಂದು ಕರೆಯಲಾಗುವ ಇನ್ನೊಂದು ಪರೀಕ್ಷೆ ಅಗತ್ಯ. ಖರ್ಚಿಗೆ ಹೆದರಿಯೋ ಮರೆತೋ ಈ ಎರಡನೆಯ ಪರೀಕ್ಷೆಯನ್ನು ಕೈಬಿಟ್ಟರೆ, ಜೀವ ಉಳಿಸಬಹುದಾಗಿದ್ದ ಔಷಧಿಯೇ ರೋಗಿಗೆ ತಪ್ಪಿಹೋಗುವ ಸಾಧ್ಯತೆಯಿದೆ. 1+ ಅಥವಾ ಫಿಶ್ ಪರೀಕ್ಷೆಯಲ್ಲಿ ನೆಗೆಟಿವ್ ಆದ 2+ ಗಡ್ಡೆಗಳಿಗೂ, ರೋಗ ದೇಹದ ಇತರ ಭಾಗಗಳಿಗೆ ಹರಡಿದ ಹಂತದಲ್ಲಿ ಉಪಯುಕ್ತವಾಗುವ ಹೊಸ ಔಷಧಿಯೊಂದು 2022ರಿಂದ ಬಳಕೆಗೆ ಬಂದಿದೆ. ಟ್ರಾಸ್ಟುಜುಮಾಬ್ ಡೆರಕ್ಸ್‌ಟಿಕಾನ್ ಎಂಬ ಈ ಔಷಧಿಯ ಮೇಲಿನ ಆಮದು ಸುಂಕವನ್ನು ಭಾರತ ಸರ್ಕಾರ 2024ರಲ್ಲಿ ರದ್ದುಪಡಿಸಿತು.

ಮೂರೂ ಇಲ್ಲದಿರುವಾಗ

ಇ.ಆರ್., ಪಿ.ಆರ್. ಮತ್ತು ಹರ್-2 ಈ ಮೂರೂ ಇಲ್ಲದ ಗಡ್ಡೆಯನ್ನು ‘ಟ್ರಿಪಲ್ ನೆಗೆಟಿವ್’ ಎಂದು ಕರೆಯುತ್ತಾರೆ. ಭಾರತದ ರೋಗಿಗಳಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚಾಗಿದೆ. ಕಿರಿಯ ವಯಸ್ಸಿನ ಮಹಿಳೆಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಬೀಗವೇ ಇಲ್ಲದ ಮೇಲೆ ಬೀಗಕ್ಕೆ ತಡೆಯೊಡ್ಡುವ ಔಷಧಿಗಳಿಂದ ಉಪಯೋಗವಿಲ್ಲ. ಆದುದರಿಂದ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆಗಳೇ ಇಲ್ಲಿ ಮುಖ್ಯ ಸಾಧನಗಳು.

ಈ ಬಗೆಯ ಕ್ಯಾನ್ಸರ್ ಮರುಕಳಿಸುವುದಾದರೆ ಬಹುತೇಕ ಮೊದಲ ಮೂರು ವರ್ಷಗಳಲ್ಲಿಯೇ ಮರುಕಳಿಸುತ್ತದೆ. ಐದು ವರ್ಷ ಕಳೆದ ನಂತರ ಆ ಸಂಭವ ಗಣನೀಯವಾಗಿ ಇಳಿಯುತ್ತದೆ. ಮೊದಲ ವರ್ಷಗಳು ಕಠಿಣವಾದರೂ ಅವುಗಳನ್ನು ದಾಟಿದವರಿಗೆ ದೀರ್ಘಾಯುಷ್ಯದ ನಿರೀಕ್ಷೆ ಚೆನ್ನಾಗಿಯೇ ಇದೆ. ಅನೇಕರಲ್ಲಿ ಕೀಮೋಥೆರಪಿಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೊಟ್ಟು ಗಡ್ಡೆ ಹೇಗೆ ಸ್ಪಂದಿಸುತ್ತದೆಂದು ಪರಿಶೀಲಿಸಲಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆಗೆ ಕ್ಯಾನ್ಸರ್ ಜೀವಕೋಶಗಳು ಸಂಪೂರ್ಣವಾಗಿ ಮಾಯವಾಗಿದ್ದರೆ ಅದು ಅತ್ಯುತ್ತಮ ಸೂಚನೆ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 700ಕ್ಕೂ ಹೆಚ್ಚು ಟ್ರಿಪಲ್ ನೆಗೆಟಿವ್ ರೋಗಿಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶವನ್ನು 2022ರಲ್ಲಿ ಮಂಡಿಸಿದರು. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಔಷಧಿಗಳ ಜೊತೆಗೆ ಕಾರ್ಬೋಪ್ಲಾಟಿನ್ ಎಂಬ ಹಳೆಯ ಔಷಧಿಯನ್ನು ಸೇರಿಸಿದಾಗ, ಐವತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಹಿಳೆಯರಲ್ಲಿ ಬದುಕುಳಿದವರ ಪ್ರಮಾಣ ಹೆಚ್ಚಿತೆಂದು ಆ ಅಧ್ಯಯನದಿಂದ ತಿಳಿದುಬಂತು. ಈ ವರ್ಗದ ಕೆಲವು ರೋಗಿಗಳಿಗೆ ದೇಹದ ರಕ್ಷಣಾ ವ್ಯವಸ್ಥೆಯನ್ನು ಚುರುಕುಗೊಳಿಸುವ ಹೊಸ ಔಷಧಿಗಳೂ ಲಭ್ಯವಾಗಿವೆ. ತಾಯಿ, ಸೋದರಿ, ಚಿಕ್ಕಮ್ಮ ಮೊದಲಾದ ಹತ್ತಿರದ ಸಂಬಂಧಿಕರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದಲ್ಲಿ, ಅಥವಾ ರೋಗಿಯ ವಯಸ್ಸು ಕಡಿಮೆಯಿದ್ದಲ್ಲಿ, ಆನುವಂಶಿಕ ದೋಷದ ಪರೀಕ್ಷೆಯ ಬಗ್ಗೆ ವೈದ್ಯರೊಡನೆ ಸಮಾಲೋಚಿಸುವುದು ಸೂಕ್ತ.

ಬೆಳವಣಿಗೆಯ ವೇಗವನ್ನು ಅಳೆಯುವ ಪ್ರೋಟೀನು

ಕೆ.ಐ.-67 ಎಂಬ ಪ್ರೋಟೀನು ವಿಭಜನೆಯಲ್ಲಿ ತೊಡಗಿರುವ ಜೀವಕೋಶಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. 1980ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿದ ಜರ್ಮನಿಯ ಕೀಲ್ ನಗರದ ಹೆಸರಿನಿಂದ ಇದಕ್ಕೆ ಈ ಹೆಸರು ಬಂದಿದೆ. ನೂರು ಕ್ಯಾನ್ಸರ್ ಜೀವಕೋಶಗಳಲ್ಲಿ ಎಷ್ಟರಲ್ಲಿ ಈ ಪ್ರೋಟೀನು ಇದೆಯೋ ಅದೇ ವರದಿಯ ಶೇಕಡಾವಾರು ಅಂಕಿ. ಶೇಕಡಾ 5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಗಡ್ಡೆ ನಿಧಾನವಾಗಿ ಬೆಳೆಯುತ್ತಿದೆಯೆಂದೂ, ಶೇಕಡಾ 30 ಅಥವಾ ಹೆಚ್ಚಿದ್ದರೆ ವೇಗವಾಗಿ ಬೆಳೆಯುತ್ತಿದೆಯೆಂದೂ ಹೇಳಬಹುದು. ಇವೆರಡರ ನಡುವಿನ ಅಂಕಿಗಳು ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ವ್ಯತ್ಯಾಸಗೊಳ್ಳುವುದರಿಂದ ಆ ಅಂಕಿಯೊಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಬೇರೆ ಬೇರೆ ರೋಗಿಗಳು ತಮ್ಮ ತಮ್ಮ ಅಂಕಿಗಳನ್ನು ಹೋಲಿಸಿ ಚಿಂತಿಸುವುದರಲ್ಲಿಯೂ ಅರ್ಥವಿಲ್ಲ.

ಇ.ಆರ್. ಪಾಸಿಟಿವ್, ಹರ್-2 ನೆಗೆಟಿವ್ ಆಗಿರುವ ಆರಂಭಿಕ ಹಂತದ ರೋಗಿಗಳಲ್ಲಿ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಮಾತ್ರೆಯೊಂದೇ ಸಾಕೇ, ಕೀಮೋಥೆರಪಿಯೂ ಬೇಕೇ? ಎಲ್ಲರಿಗೂ ಕೀಮೋಥೆರಪಿ ಕೊಟ್ಟರೆ ಅದರ ಅಗತ್ಯವೇ ಇಲ್ಲದ ಅನೇಕರು ಅನಾವಶ್ಯಕ ಕಷ್ಟಕ್ಕೂ ವೆಚ್ಚಕ್ಕೂ ಒಳಗಾಗುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಗಡ್ಡೆಯ ಹಲವು ವಂಶವಾಹಿಗಳನ್ನು ಒಟ್ಟಿಗೆ ಪರೀಕ್ಷಿಸುವ ವಿಧಾನಗಳು ವಿದೇಶಗಳಲ್ಲಿ ಬೆಳೆದುಬಂದಿವೆ. ಬೆಂಗಳೂರಿನ ಸಂಸ್ಥೆಯೊಂದು ಐದು ಪ್ರೋಟೀನುಗಳ ಪ್ರಮಾಣವನ್ನು ಗಡ್ಡೆಯ ಗಾತ್ರ, ದರ್ಜೆ ಮತ್ತು ದುಗ್ಧಗ್ರಂಥಿಗಳ ಸ್ಥಿತಿಯೊಂದಿಗೆ ಗಣಕಯಂತ್ರದ ಮೂಲಕ ಲೆಕ್ಕಹಾಕಿ, ರೋಗ ಮರುಕಳಿಸುವ ಸಂಭವ ಕಡಿಮೆಯೇ ಹೆಚ್ಚೇ ಎಂದು ಅಂದಾಜು ಮಾಡುವ ವಿಧಾನವನ್ನು ರೂಪಿಸಿದೆ. ಇಂತಹ ಪರೀಕ್ಷೆಗಳು ಎಲ್ಲ ರೋಗಿಗಳಿಗೂ ಬೇಕಾಗುವುದಿಲ್ಲ. ಅಗತ್ಯವಿದೆಯೇ ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸಬೇಕು.

ಚೂರಿನ ಸಂರಕ್ಷಣೆ

ಈ ಎಲ್ಲ ಪರೀಕ್ಷೆಗಳ ನಿಖರತೆ ಗಡ್ಡೆಯಿಂದ ತೆಗೆದ ಚೂರನ್ನು ಹೇಗೆ ಕಾಪಾಡಲಾಯಿತು ಎಂಬುದನ್ನು ಅವಲಂಬಿಸಿದೆ. ಪ್ರಯೋಗಾಲಯದಲ್ಲಿ ಆ ಚೂರನ್ನು ಮೇಣದ ತುಂಡಿನಲ್ಲಿ ಹುದುಗಿಸಿ, ಅತಿ ತೆಳುವಾದ ಪದರಗಳಾಗಿ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹರಡುತ್ತಾರೆ. ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಅದರ ಮೇಲೆ ಹಾಕಿ ಬಣ್ಣ ಬರಿಸಿದಾಗ, ಪ್ರೋಟೀನು ಇರುವ ಕಡೆ ಕಂದು ಬಣ್ಣ ಮೂಡುತ್ತದೆ. ಇ.ಆರ್. ಇದ್ದರೆ ಜೀವಕೋಶದ ನಡುವಣ ಬೀಜ ಕಂದಾಗುತ್ತದೆ. ಹರ್-2 ಇದ್ದರೆ ಸುತ್ತಲಿನ ಪೊರೆ ಕಂದಾಗುತ್ತದೆ. ಪೆಥಾಲಜಿ ತಜ್ಞರು ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುತ್ತಾರೆ.

ಚೂರನ್ನು ತೆಗೆದ ಒಂದು ಗಂಟೆಯೊಳಗೆ ನಿಗದಿತ ಫಾರ್ಮಲಿನ್ ದ್ರಾವಣದಲ್ಲಿ ಹಾಕಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇಡಬೇಕು ಎಂಬುದು ಮಾನ್ಯ ಕ್ರಮ. ಚೂರು ಒಣಗಿದರೆ ಅಥವಾ ತಡವಾಗಿ ದ್ರಾವಣ ಸೇರಿದರೆ ಪ್ರೋಟೀನುಗಳು ನಾಶವಾಗಿ, ನಿಜವಾಗಿ ಪಾಸಿಟಿವ್ ಆಗಿರುವ ಗಡ್ಡೆಯೂ ನೆಗೆಟಿವ್ ಎಂದು ತೋರಬಹುದು. ಆಗ ಆ ರೋಗಿಗೆ ಸಲ್ಲಬೇಕಾದ ಮಾತ್ರೆ ಸಲ್ಲದೆ ಹೋಗುತ್ತದೆ. ಆದುದರಿಂದ ಈ ಪರೀಕ್ಷೆಗಳ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಬಯಾಪ್ಸಿ ಮಾಡಿಸುವುದು ಮೇಲು. ಬಯಾಪ್ಸಿಗೆ ಮುಂಚೆಯೇ ಗಡ್ಡೆಯನ್ನು ಅವಸರದಿಂದ ಕೊಯ್ದು ತೆಗೆಸಿ, ಪರೀಕ್ಷೆಗೆ ಕಳುಹಿಸದೆ ಬಿಡುವುದು ಅತ್ಯಂತ ಹಾನಿಕರ.

ಮೇಣದ ತುಂಡು ಮತ್ತು ಗಾಜಿನ ಪಟ್ಟಿಗಳನ್ನು ಪಡೆದು ಬೇರೊಂದು ಆಸ್ಪತ್ರೆಯ ತಜ್ಞರ ಅಭಿಪ್ರಾಯವನ್ನೂ ಕೇಳಬಹುದು. ಕೆಲಸದ ನಿಮಿತ್ತ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಕುಟುಂಬಗಳು ವರದಿಗಳ ಜೊತೆಗೆ ಇವುಗಳನ್ನೂ ಜೋಪಾನವಾಗಿ ಕೊಂಡೊಯ್ಯಬೇಕು. ರೋಗ ವರ್ಷಗಳ ನಂತರ ಮರಳಿದರೆ ಹೊಸ ಗಡ್ಡೆಯ ಚೂರನ್ನು ಸಾಧ್ಯವಾದಲ್ಲಿ ಪುನಃ ಪರೀಕ್ಷಿಸಬೇಕು. ಪ್ರೋಟೀನುಗಳ ಸ್ವರೂಪ ಆ ವೇಳೆಗೆ ಬದಲಾಗಿರುವುದುಂಟು.

ರಕ್ತ ಪರೀಕ್ಷೆಯ ಮಿತಿ

ಸಿ.ಎ. 15-3 ಮತ್ತು ಸಿ.ಇ.ಎ. ಎಂಬ ಪ್ರೋಟೀನುಗಳನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಗಳಿವೆ. ರೋಗ ದೇಹದಲ್ಲಿ ಹರಡಿದ ಮೇಲೆ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಇವು ಇತರ ಪರೀಕ್ಷೆಗಳೊಡನೆ ನೆರವಾಗುತ್ತವೆ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಪತ್ತೆಹಚ್ಚಲು ಇವು ಉಪಯುಕ್ತವಲ್ಲ. ಆರಂಭಿಕ ಕ್ಯಾನ್ಸರ್ ಇದ್ದರೂ ಅಂಕಿ ಸಹಜವಾಗಿರಬಹುದು. ಕ್ಯಾನ್ಸರ್ ಇಲ್ಲದೆಯೂ ಯಕೃತ್ತಿನ ತೊಂದರೆ ಮೊದಲಾದ ಕಾರಣಗಳಿಂದ ಏರಬಹುದು. ರಕ್ತ ಪರೀಕ್ಷೆ ಸಹಜವಾಗಿದೆಯೆಂದು ಕೈಗೆ ಸಿಗುತ್ತಿರುವ ಗಡ್ಡೆಯನ್ನು ಅಲಕ್ಷಿಸುವುದು ಅಪಾಯಕಾರಿ.

ಬದುಕುಳಿಯುವಿಕೆಯ ಅಂಕಿಗಳು

ಹನ್ನೊಂದು ಪ್ರದೇಶಗಳ ಕ್ಯಾನ್ಸರ್ ನೋಂದಣಿ ಕೇಂದ್ರಗಳು ಕಲೆಹಾಕಿದ 17,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಆಧರಿಸಿ 2024ರಲ್ಲಿ ಭಾರತದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, 2012ರಿಂದ 2015ರ ಅವಧಿಯಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಶೇಕಡಾ 66.4. ರೋಗ ಸ್ತನಕ್ಕಷ್ಟೇ ಸೀಮಿತವಾಗಿದ್ದಾಗ ಪತ್ತೆಯಾದವರಲ್ಲಿ ಇದು ಶೇಕಡಾ 81. ಸುತ್ತಲಿನ ಭಾಗಕ್ಕೆ ಹರಡಿದ್ದವರಲ್ಲಿ ಶೇಕಡಾ 65.5, ದೂರದ ಅಂಗಗಳಿಗೆ ಹರಡಿದ್ದವರಲ್ಲಿ ಶೇಕಡಾ 18.3.

ಈ ಅಂಕಿಗಳನ್ನು ಸರಿಯಾಗಿ ಗ್ರಹಿಸುವುದು ಮುಖ್ಯ. ‘ಐದು ವರ್ಷ’ ಎಂಬುದು ಅಧ್ಯಯನಕ್ಕಾಗಿ ಗೊತ್ತುಪಡಿಸಿದ ಅವಧಿಯೇ ವಿನಾ ಆಯುಷ್ಯದ ಗಡುವು ಅಲ್ಲ. ಅಂಕಿಯು ನೂರು ಮಂದಿಯ ಸಮೂಹಕ್ಕೆ ಅನ್ವಯಿಸುತ್ತದೆ. ಆ ಸಮೂಹದ ಒಬ್ಬ ನಿರ್ದಿಷ್ಟ ಮಹಿಳೆಯ ಗತಿಯೇನೆಂದು ಅದು ಹೇಳಲಾರದು. ಅಲ್ಲದೆ ಇದು ಹತ್ತು ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರ ಕಥೆ. ಅನಂತರ ಬಂದ ಔಷಧಿಗಳ ಪರಿಣಾಮ ಅದರಲ್ಲಿ ಸೇರಿಲ್ಲ. ಗಡ್ಡೆಯ ಪ್ರೋಟೀನುಗಳು ಏನೇ ಇರಲಿ, ಬೇಗ ಪತ್ತೆಯಾದ ರೋಗದಲ್ಲಿ ಬದುಕುಳಿಯುವ ಅವಕಾಶ ಹೆಚ್ಚು ಎಂಬುದು ಮಾತ್ರ ಈ ಅಂಕಿಗಳಿಂದ ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ.

ನೋವಿಲ್ಲದ ಗಡ್ಡೆ, ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತಮಿಶ್ರಿತ ದ್ರವ, ಚರ್ಮ ಕಿತ್ತಳೆ ಹಣ್ಣಿನ ಸಿಪ್ಪೆಯಂತಾಗುವುದು, ಕಂಕುಳಿನಲ್ಲಿ ಗಂಟು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂಬ ಕಾರಣಕ್ಕೆ ತಿಂಗಳುಗಟ್ಟಲೆ ಸುಮ್ಮನಿರುವುದೇ ಹೆಚ್ಚಿನ ಹಾನಿಗೆ ಮೂಲ. ಮೂವತ್ತು ವರ್ಷ ದಾಟಿದ ಮಹಿಳೆಯರ ಸ್ತನ ಪರೀಕ್ಷೆಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಏರ್ಪಾಡು ಮಾಡಲಾಗಿದೆ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ, ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಪೂರ್ಣ ಸೌಲಭ್ಯವಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. 2024ರಿಂದ ಎಪ್ಪತ್ತು ವರ್ಷ ಮತ್ತು ಮೇಲ್ಪಟ್ಟ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ ಈ ಸೌಲಭ್ಯವನ್ನು ವಿಸ್ತರಿಸಲಾಗಿದೆ.

ಗಮನದಲ್ಲಿಡಬೇಕಾದ ಅಂಶಗಳು

1. ಚಿಕಿತ್ಸೆ ಆರಂಭಿಸುವ ಮುನ್ನ ಇ.ಆರ್., ಪಿ.ಆರ್. ಮತ್ತು ಹರ್-2 ಪರೀಕ್ಷೆಗಳು ಆಗಿವೆಯೇ ಎಂದು ವೈದ್ಯರನ್ನು ಕೇಳಬೇಕು.

2. ‘ಪಾಸಿಟಿವ್’ ಎಂದರೆ ಆ ಪ್ರೋಟೀನಿಗೆ ತಕ್ಕ ಔಷಧಿಯಿದೆ ಎಂದು ತಿಳಿಯಬೇಕು. ‘ನೆಗೆಟಿವ್’ ಎಂದರೆ ಕ್ಯಾನ್ಸರ್ ಇಲ್ಲವೆಂದಾಗಲಿ, ಚಿಕಿತ್ಸೆ ಇಲ್ಲವೆಂದಾಗಲಿ ಅರ್ಥವಲ್ಲ.

3. ಹರ್-2 ಫಲಿತಾಂಶ 2+ ಎಂದಿದ್ದರೆ ಫಿಶ್ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು.

4. ವರದಿ, ಗಾಜಿನ ಪಟ್ಟಿ, ಮೇಣದ ತುಂಡುಗಳನ್ನು ಕಳೆಯದೆ ಕಾಪಾಡಬೇಕು.

5. ಹಾರ್ಮೋನು ನಿರೋಧಕ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಅನೇಕ ಮನೆಗಳಲ್ಲಿ ವರದಿಯನ್ನು ರೋಗಿಯಿಂದಲೇ ಮುಚ್ಚಿಡುವ ವಾಡಿಕೆಯಿದೆ. ಇದರ ಹಿಂದೆ ಪ್ರೀತಿಯಿದ್ದರೂ ಪರಿಣಾಮ ಒಳ್ಳೆಯದಲ್ಲ. ತನ್ನ ರೋಗ ಯಾವ ಬಗೆಯದು, ಮಾತ್ರೆಯನ್ನು ಏಕೆ ಐದು ವರ್ಷ ನುಂಗಬೇಕು ಎಂಬುದು ತಿಳಿಯದ ಮಹಿಳೆ ಅದನ್ನು ನಡುವೆ ಬಿಟ್ಟರೆ ಆಶ್ಚರ್ಯವಿಲ್ಲ. ವೈದ್ಯರ ಮುಂದೆ ಆಕೆಯನ್ನೂ ಕೂರಿಸಿಕೊಂಡು, ನಾಲ್ಕು ಸಾಲುಗಳ ಅರ್ಥವನ್ನು ಆಕೆಗೆ ಬರುವ ಭಾಷೆಯಲ್ಲಿ ಸಾವಧಾನವಾಗಿ ತಿಳಿಸಿದಾಗ, ಮುಂದಿನ ವರ್ಷಗಳ ಚಿಕಿತ್ಸೆಯಲ್ಲಿ ಆಕೆಯೇ ಪಾಲುಗಾರಳಾಗುತ್ತಾಳೆ. ಇದಕ್ಕೆ ಬೇಕಾಗುವುದು ಮನೆಯವರ ಮತ್ತು ವೈದ್ಯರ ಸ್ವಲ್ಪ ಸಮಯ ಹಾಗೂ ತಾಳ್ಮೆ.